ಈರ ಲುಂಬಿ ಭಾಷೆ ಕಲಿತದ್ದು

ಒಂದೂರಲ್ಲಿ ಒಬ್ಬಳು ತಾಯಿ, ಒಬ್ಬ ಮಗ. ಊರು ಸಂತೆಕೊಪ್ಪ. ತಾಯಿ ನಿಂಗಾಜಮ್ಮ, ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ತಟ್ಟೆ ಇಡ್ಲಿ ಮಾಡಿ ಮಾರುವವಳು. ಮಗ ಈರ. ಆಳು ಎತ್ತರ ಅಂದರೆ ಯಾವ ಬಾಗಿಲಾದರೂ ತಲೆ ಬಗ್ಗಿಸಿಯೇ ದಾಟಬೇಕು. ಬುದ್ಧಿ ಮಾತ್ರ ಹೊಸ್ತಿಲಾಚೆಯೇ ನಿಂತು, ಒಳಗೆ ಬರಲೋ ಬೇಡವೋ ಅಂತ ಕೇಳುತ್ತಿತ್ತು.

ಪೆದ್ದ ಅಂದರೆ ಎಂಥ ಪೆದ್ದ? ಹೇಳಿದ ಮಾತು ಕೇಳದ ಪೆದ್ದರು ಊರ ತುಂಬ ಇದ್ದಾರೆ, ಅವರನ್ನು ಯಾರೂ ಪೆದ್ದ ಅನ್ನುವುದಿಲ್ಲ. ಈರ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. "ಚಟ್ನಿ ಮೇಲೆ ನೊಣ ಕೂರದ ಹಾಗೆ ನೋಡ್ಕೊಳ್ಳೋ" ಅಂದರೆ, ಪಾತ್ರೆಗೆ ತಟ್ಟೆ ಮುಚ್ಚಿ ಅದರ ಮೇಲೆ ತಾನೇ ಕೂತುಬಿಡುವನು. ನೊಣ ಕೂರಲಿಲ್ಲ, ಸರಿ. ಚಟ್ನಿಯೂ ಉಳಿಯಲಿಲ್ಲ, ಪಾತ್ರೆಯೂ ಉಳಿಯಲಿಲ್ಲ. "ಏನ್ಲಾ ಇದು!" ಅಂತ ತಾಯಿ ತಲೆ ಚಚ್ಚಿಕೊಂಡರೆ, "ನೊಣ ಒಂದೂ ಬರ್ಲಿಲ್ಲ ಕಣವ್ವ" ಅಂತ ಹಲ್ಲು ಬಿಡುವನು.

ನಿಂಗಾಜಮ್ಮನಿಗೆ ಒಂದೇ ಕೊರಗು. ತಾನು ಕಣ್ಣು ಮುಚ್ಚಿದ ಮೇಲೆ ಇವನನ್ನು ಒಳಗೆ ಬಾ ಅನ್ನುವವರು ಯಾರು? ಈರ ಬೆಳಿಗ್ಗೆ ಮನೆಮನೆಗೆ ಇಡ್ಲಿ ಕೊಟ್ಟುಬರುತ್ತಿದ್ದ. ಎಲ್ಲರೂ "ಅಲ್ಲೇ ಇಟ್ಟು ಹೋಗೋ" ಅನ್ನುವವರೇ. ಒಂದೇ ಒಂದು ಮನೆಯಲ್ಲಿ ಮಾತ್ರ "ಬಾರಪ್ಪ ಈರ, ಕೂತ್ಕೋ" ಅಂತ ಮಣೆ ಹಾಕುತ್ತಿದ್ದರು. ಅದು ಸರಸಿಜಮ್ಮ ಟೀಚರ ಮನೆ.

ರಿಟೈರಾದವರು ತುಳಸಿ ಬೆಳೆಸುತ್ತಾರೆ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾರೆ, ಪಕ್ಕದ ಮನೆ ಸೊಸೆಯ ಮೇಲೆ ನಿಗಾ ಇಡುತ್ತಾರೆ. ಸರಸಿಜಮ್ಮ ಟೀಚರು ಇಲ್ಲದ ದೇಶದ, ಇಲ್ಲದ ಭಾಷೆಯೊಂದನ್ನು ಮಾತಾಡುತ್ತಿದ್ದರು. ದೇಶದ ಹೆಸರು ಲುಂಬಾ. ಭಾಷೆ ಲುಂಬಿ. ಚಿಕ್ಕ ಹುಡುಗಿಯಾಗಿದ್ದಾಗ ಅವರೂ ಅವರ ತಂಗಿ ವಾರಿಜಮ್ಮನೂ ಸೇರಿ ಕಟ್ಟಿದ ದೇಶ ಅದು. ಅಲ್ಲಿ ಅಳಿಲುಗಳೇ ರಾಜರು. ಹೊಳೆಗಳು ಗುಡ್ಡ ಹತ್ತುತ್ತವೆ. ಹುಣ್ಣಿಮೆ ಮುಗಿದ ಮಾರನೆಯ ದಿನ ಚಂದ್ರನನ್ನು ಒಗೆಯಲು ಹಾಕುತ್ತಾರೆ.

"ಆ ದೇಶಕ್ಕೆ ಯಾವ ಬಸ್ಸು ಟೀಚರಮ್ಮ?" ಅಂತ ಈರ ಕೇಳಿದ್ದ.

"ಬಸ್ಸಿಲ್ಲ ಈರ."

"ಹಂಗಾದ್ರೆ ನಡ್ಕೊಂಡೇ ಹೋಗ್ಬೇಕು. ಬುತ್ತಿ ಕಟ್ಟಿಸ್ಕೊಂಡು ಬರ್ಲಾ?"

ಟೀಚರು ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು. ಅವತ್ತಿನಿಂದ ಪಾಠ ಶುರು. ದಿನಾ ಇಡ್ಲಿ ಕೊಟ್ಟು, ಮಣೆ ಮೇಲೆ ಕೂತು, ಒಂದೊಂದು ಮಾತು. ಅಳಿಲಿಗೆ ಟುಪ್ಪೂ. ಬೇವಿನ ಮರದಲ್ಲಿ ಅಳಿಲು ಕಂಡರೆ ಈರ ಎದ್ದು ನಿಂತು, "ಟುಪ್ಪೂ!" ಅಂತ ಕೈ ಮುಗಿಯುವನು. ರಾಜರಲ್ಲವೇ! ಇಡ್ಲಿ ತಿನ್ನುವವರು ಹೊಟ್ಟೆ ಹಿಡಿದುಕೊಂಡು ನಗುವರು. ನಿಂಗಾಜಮ್ಮ ಸೌಟಿನಿಂದ ಹಣೆ ಬಡಿದುಕೊಳ್ಳುವಳು. "ಇರೋ ಒಂದು ಭಾಷೇಲೇ ಇವನ ಕೈಲಿ ಏಗಕ್ಕಾಗ್ತಿಲ್ಲ, ಇನ್ನೊಂದು ಬೇರೆ ಬೇಕಿತ್ತಾ ಶಿವನೇ!"

ಹೊಸ ಭಾಷೆ ಕಲಿಯುವವರು ಯಾವ ಸೀಮೆಗೆ ಹೋದರೂ ಎರಡೇ ಬಗೆ. ತಪ್ಪಾದೀತೆಂದು ಬಾಯಿಯೇ ತೆರೆಯದವರು, ತಪ್ಪೆಂದು ಗೊತ್ತಿಲ್ಲದೆ ತೆರೆದ ಬಾಯಿ ಮುಚ್ಚದವರು. ಭಾಷೆ ಒಲಿಯುವುದು ಎರಡನೆಯವರಿಗೆ. ಈರ ಎರಡನೆಯವನು.

ಆದರೆ ಒಂದು ಮಾತು ಮಾತ್ರ ಎಷ್ಟು ತಿದ್ದಿದರೂ ಟೀಚರಿಗೆ ಸಮಾಧಾನವಿಲ್ಲ. ಓಲಿ ಬುಂಗಾ ಮಿಲಿಲೂ. ಅದು ಅಕ್ಕತಂಗಿ ಜಗಳವಾಡಿ ಮತ್ತೆ ರಾಜಿಯಾಗುವಾಗ ಹೇಳುತ್ತಿದ್ದ ಮಾತು.

"ಅದಲ್ಲ ಈರ, ಅದಲ್ಲ. ನಾನು ಹೇಳಿದ್ರೂ ಸರಿಯಾಗ್ತಿಲ್ಲ, ನೀನು ಹೇಳಿದ್ರೂ ಸರಿಯಾಗ್ತಿಲ್ಲ. ನಮ್ಮ ಕಾಲದಲ್ಲಿ ಅದು ಮೆತ್ತಗಿತ್ತು, ಒದ್ದೆ ಒದ್ದೆಯಾಗಿತ್ತು. ಎಲ್ಲೋ ಏನೋ ಮರೆತೀನಿ." ಟೀಚರು ಕಣ್ಣು ಮುಚ್ಚಿ ಯೋಚಿಸಿದರು. "ಹ್ಞಾ! ಬಾಯಲ್ಲಿ ಬಿಸಿ ಇಡ್ಲಿ ಇಟ್ಕೊಂಡಿರೋ ಹಾಗೆ ಹೇಳಿ ನೋಡು."

ಈರ ಎದ್ದ, ಓಡಿದ. ನೇರ ಬೇವಿನ ಮರದ ಕೆಳಗೆ ಬಂದ. ಹಬೆಯಾಡುವ ಕುಕ್ಕರಿನ ಮುಚ್ಚಳ ತೆಗೆದ, ಅಂಗೈಯಗಲದ ಇಡ್ಲಿಯೊಂದನ್ನು ನಾಲ್ಕು ಮಡಿಕೆ ಮಾಡಿ ಬಾಯಿಗೆ ತುರುಕಿದ. ಕಣ್ಣಲ್ಲಿ ನೀರು, ಮೂಗಲ್ಲಿ ಹೊಗೆ. ಹಾಗೇ ಕೂಗಿದ.

"ಓಯಿ ಬುಂಘಾ!"

ಇಡ್ಲಿ ಹಾರಿತು. ಎದುರಿಗೆ ಕೂತಿದ್ದ ಕಂಡಕ್ಟರ್ ಪುಟ್ಟಮಾದುವಿನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಅರ್ಧ, ಮೀಸೆಯ ಮೇಲೆ ಅರ್ಧ. "ಥೂ ಥೂ ಥೂ!" ಅಂತ ಗಿರಾಕಿಗಳೆಲ್ಲ ಎದ್ದರು. ಪುಟ್ಟಮಾದು ಮೀಸೆ ಒರೆಸಿಕೊಳ್ಳುತ್ತ, "ನಿಂಗಾಜಕ್ಕ, ನಾನು ಇಡ್ಲಿ ಕೇಳಿದ್ದು ತಟ್ಟೇಲಿ!" ಅಂತ ಎದ್ದು ಹೋದ.

"ಅಯ್ಯೋ ಕಲ್ಲುಗುಂಡೇ! ನನ್ನ ಹೊಟ್ಟೇಲಿ ಯಾಕಾದ್ರೂ ಹುಟ್ಟಿದ್ಯೋ!" ಅಂತ ತಾಯಿ ಸೌಟು ಎತ್ತಿದಳು. "ಬಾಯಲ್ಲಿ ಏನಾದ್ರೂ ಇದ್ರೆ ಮೊದ್ಲು ಅದನ್ನ ಉಗಿದು, ಮುಕ್ಕಳಿಸಿ, ಆಮೇಲೆ ಮಾತಾಡ್ಬೇಕು! ತಿಳೀತಾ?"

"ತಿಳೀತು ಕಣವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ಸಲ ಬರಲು ತಡವಾಗಲಿಲ್ಲ. ಶನಿವಾರ ಆಂಜನೇಯನ ಗುಡಿಗೆ ಹೋದ. ಅರ್ಚಕರು ಅಂಗೈಗೆ ತೀರ್ಥ ಹಾಕಿದರು. ಈರ ಬಾಯಿಗೆ ಹಾಕಿಕೊಂಡ. ಹಾಕಿಕೊಂಡ ಗಳಿಗೆಗೆ ಸರಿಯಾಗಿ ಅರ್ಚಕರು ವಿಶ್ವಾಸದಿಂದ ಕೇಳಿದರು, "ಏನೋ ಈರ, ನಿಮ್ಮವ್ವ ಬರಲಿಲ್ವೇನೋ?"

ಕೇಳಿದ ಮೇಲೆ ಉತ್ತರ ಹೇಳಬೇಕು. ಉತ್ತರ ಹೇಳುವ ಮುಂಚೆ? ಈರ ಕತ್ತು ಮೇಲೆತ್ತಿದ. ಗಳ ಗಳ ಗಳ ಅಂತ ತೀರ್ಥವನ್ನು ಚೆನ್ನಾಗಿ ಮುಕ್ಕಳಿಸಿದ. ಪಿಚಕ್! ಅರ್ಚಕರ ಮಡಿ ಪಂಚೆಯ ಮೇಲೆ ಉಗಿದ. ಬಾಯಿ ಒರೆಸಿಕೊಂಡು, "ಅವ್ವಂಗೆ ಅಕ್ಕಿ ನೆನೆ ಹಾಕೋದಿತ್ತು ಸ್ವಾಮಿ" ಅಂದ.

ಆಮೇಲೆ ಗುಡಿಯಲ್ಲಿ ಏನಾಯಿತು ಅಂತ ನಾನು ಹೇಳುವುದಿಲ್ಲ, ಅರ್ಚಕರ ಮರ್ಯಾದೆಯ ಪ್ರಶ್ನೆ. ಅವರು ಹಾಗೇ ಒದ್ದೆ ಪಂಚೆಯಲ್ಲಿ ಬೇವಿನ ಮರದ ತನಕ ನಡೆದು ಬಂದರು ಅನ್ನುವುದಷ್ಟೇ ಸಾಕು.

"ಅಯ್ಯೋ ಮಂಕುಮುಂಡೇದೇ!" ಅಂದಳು ನಿಂಗಾಜಮ್ಮ, ಅವರು ಅತ್ತ ಹೋದ ಮೇಲೆ. "ದೊಡ್ಡೋರು ಕೈಗೆ ಕೊಟ್ಟಿದ್ದನ್ನ ಉಗೀತಾರೇನೋ! ಕಣ್ಣಿಗೊತ್ಕೊಂಡು ಬಾಯಿಗೆ ಹಾಕ್ಕೊಂಡು ನುಂಗ್ಬೇಕು! ಪ್ರಾಣ ಹೋದ್ರೂ ಉಗೀಬಾರ್ದು! ತಿಳೀತಾ?"

"ತಿಳೀತು ಕಣವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಇತ್ತ ಟೀಚರು ಓಲಿ ಬುಂಗಾ ಬಿಟ್ಟಿರಲಿಲ್ಲ. ನಾಲಗೆ ಮೆತ್ತಗಾಗಬೇಕಾದರೆ ದವಡೆಯಲ್ಲಿ ಏನಾದರೂ ಅಡ್ಡ ಇರಬೇಕು ಅಂತ ಹೊಳೆಯಿತು. ಎಲೆಯಡಿಕೆ ತಟ್ಟೆಯಿಂದ ಒಂದು ಇಡೀ ಗೋಟಡಿಕೆ ತೆಗೆದು ಈರನ ಕೈಗೆ ಕೊಟ್ಟರು. "ಇದನ್ನ ದವಡೇಲಿ ಇಟ್ಕೊಂಡು..."

ಮಾತು ಮುಗಿಯುವ ಮುಂಚೆ ಈರ ಅಡಿಕೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಬಾಯಿಗೆ ಹಾಕಿದ. ನುಂಗಿದ.

ಅಡಿಕೆ ಗಂಟಲಲ್ಲಿ ಗೂಟ ಹೊಡೆದು ನಿಂತಿತು. ಈರ ಕೆಂಪಗಾದ, ಆಮೇಲೆ ನೇರಳೆಯಾದ. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. "ಉಗಿಯೋ! ಉಗಿಯೋ ಈರ!" ಅಂತ ಟೀಚರು ಕಿರುಚಿದರೆ, ಅವನು ಬಾಯಿ ಬಿಗಿಯಾಗಿ ಮುಚ್ಚಿಕೊಂಡು ತಲೆ ಅಲ್ಲಾಡಿಸುತ್ತಾನೆ. ಪ್ರಾಣ ಹೋದರೂ ಉಗಿಯಬಾರದಲ್ಲ! ಕೊನೆಗೆ ಟೀಚರು ಸೊಂಟನೋವು ಮರೆತು, ಎರಡೂ ಮುಷ್ಟಿ ಕಟ್ಟಿ ಬೆನ್ನಿಗೆ ದಬದಬ ಗುದ್ದಿದರು. ಅಡಿಕೆ ಹಾರಿ ದೇವರ ಮನೆ ಗಂಟೆಗೆ ಟಣ್ ಅಂತ ಹೊಡೆಯಿತು.

ಇಬ್ಬರೂ ನೆಲದ ಮೇಲೆ ಕೂತರು. ಯಾರಿಗೆ ಯಾರು ನೀರು ಕೊಟ್ಟರೋ ಗೊತ್ತಿಲ್ಲ.

"ಈರ," ಅಂದರು ಟೀಚರು, ಉಸಿರು ಸುಧಾರಿಸಿಕೊಂಡು. "ಇಡೀದನ್ನ ನುಂಗ್ತಾರೇನಪ್ಪ? ಮೊದಲು ಕಚ್ಚಿ ಎರಡು ಮಾಡ್ಕೋಬೇಕು. ತಿಳೀತಾ?"

"ತಿಳೀತು ಟೀಚರಮ್ಮ. ಮುಂದಿನ ಸಲ ಹಂಗೇ ಮಾಡ್ತೀನಿ."

ಅವತ್ತು ಸಂಜೆ ಟೀಚರು ಕೋಲೂರಿಕೊಂಡು ನಿಂಗಾಜಮ್ಮನ ಮನೆಗೇ ಬಂದರು. ಇನ್ನು ಇವನನ್ನು ಮನೆಗೆ ಕಳಿಸಬೇಡಿ ಅನ್ನಲು ಬಂದರು, ಮುಗಿಯಿತು ಅಂದುಕೊಂಡಳು ನಿಂಗಾಜಮ್ಮ.

"ನಿಂಗಾಜಮ್ಮ, ಇವತ್ತು ಇವನ ಕಣ್ಣು ಮೇಲಕ್ಕೆ ಹೋಗಿದ್ದು ನೋಡಿ ನನಗೆ ಏನೇನೋ ಆಯ್ತು. ಮನುಷ್ಯರ ಉಸಿರು ಇಷ್ಟೇ ನೋಡಿ." ಟೀಚರು ಸೆರಗಿನ ತುದಿ ಸುತ್ತುತ್ತ ಕೂತರು. "ನನಗೊಬ್ಬಳು ತಂಗಿ ಇದಾಳೆ. ವಾರಿಜ. ಅರಳೀಪುರದಲ್ಲಿ. ನಮ್ಮಮ್ಮ ಹೋದ ದಿನ ಅವಳು ಬಂದಿದ್ದು ತಡವಾಯ್ತು. ಬಸ್ಸು ಕೆಟ್ಟಿತ್ತಂತೆ. ನಾನು ಕೇಳಲಿಲ್ಲ. ಎಲ್ಲರೆದುರಿಗೆ 'ಈಗ ಬಂದ್ಯಾ? ಹೋಗು, ಹೊರಗಿನವರ ಜೊತೆ ಕೂತ್ಕೋ' ಅಂದುಬಿಟ್ಟೆ. ಅವಳು ಹೊರಗೆ ಕೂತಳು. ಹಾಗೇ ಎದ್ದು ಹೋದಳು. ಅವತ್ತಿಂದ ಮಾತಿಲ್ಲ."

"ಒಂದು ಫೋನಾದ್ರೂ ಮಾಡ್ಬಾರ್ದಾ ಅಮ್ಮಾವ್ರೇ?"

"ಮಾಡ್ತೀನಿ. ಅವಳು ಹಲೋ ಅಂತಾಳೆ. ನನ್ನ ನಾಲಗೆ ಏಳಲ್ಲ. ಇಟ್ಟುಬಿಡ್ತೀನಿ. ಕನ್ನಡದಲ್ಲಿ ಹೇಳೋಕೆ ನನಗಾಗಲ್ಲ ನಿಂಗಾಜಮ್ಮ, ನಾಲ್ಕು ಜನಕ್ಕೆ ಕನ್ನಡ ಕಲಿಸಿದವಳಿಗೆ! ಲುಂಬಿಯಲ್ಲಾದ್ರೆ ಒಂದು ಮಾತಿದೆ. ಅದನ್ನ ಈರ ಹೋಗಿ ಹೇಳಿ ಬರಲಿ."

"ಈರನಾ!" ನಿಂಗಾಜಮ್ಮ ಬೆಚ್ಚಿಬಿದ್ದಳು. "ಅಮ್ಮಾವ್ರೇ, ಊರಲ್ಲಿ ಬುದ್ಧಿವಂತರು ಯಾರೂ ಸಿಕ್ಲಿಲ್ವಾ?"

"ಬುದ್ಧಿವಂತರನ್ನ ಕಳಿಸಿದ್ರೆ ತಮ್ಮದೊಂದು ಮಾತು ಸೇರಿಸ್ತಾರೆ. ಇವನು ಸೇರಿಸಲ್ಲ. ನೀವೂ ಜೊತೆಗೆ ಹೋಗಿ. ಆದ್ರೆ ನೀವು ಏನೂ ಹೇಳಬೇಡಿ." ಆಮೇಲೆ ಈರನ ಕಡೆ ತಿರುಗಿದರು. "ಬಾಗಿಲು ತೆಗೆದ ತಕ್ಷಣ ಹೇಳಬೇಡ ಈರ. ಅವಳು 'ಏನು ಬಂದ್ರಿ' ಅಂತ ಕೇಳ್ತಾಳೆ. ಕೇಳಿದ ಕೂಡಲೇ ಹೇಳಬೇಕು. ಒಂದು ಗಳಿಗೆ ತಡೀಬಾರದು. ತಡೆದ್ರೆ ಬಾಗಿಲು ಹಾಕ್ತಾಳೆ. ಬಹಳ ಕಟ್ಟುನಿಟ್ಟು ಅವಳು. ಎಂಜಲು, ಮುಸುರೆ ಅಂದ್ರೆ ಮಾರು ದೂರ. ಹುಷಾರು."

ನಿಂಗಾಜಮ್ಮ ರಾತ್ರಿಗೆ ದಾರಿ ಬುತ್ತಿಗಾಗುವಷ್ಟೇ ಅಕ್ಕಿ ನೆನೆ ಹಾಕಿದಳು. ಇವನು ಅಲ್ಲಿ ಹೋಗಿ ಎಡವಟ್ಟು ಮಾಡಿದರೆ ಅಕ್ಕತಂಗಿಯರ ನಂಟೂ ಹೋಯಿತು, ಮಗನಿಗೆ ಮಣೆ ಹಾಕುವ ಒಂದೇ ಮನೆಯೂ ಹೋಯಿತು. ಆದರೆ ಆ ಮನೆಯ ಉಪ್ಪು ತಿಂದು ಆಗುವುದಿಲ್ಲ ಅನ್ನುವುದು ಹೇಗೆ?

ಬೆಳಿಗ್ಗೆ ಬಸ್ಸು ಹತ್ತಿದರು. ಬಸ್ಸು ತುಂಬಿತ್ತು. ತಾಯಿಗೆ ಮುಂದೆ ಸೀಟು ಸಿಕ್ಕಿತು, ಮಗ ಹಿಂದೆ ನಿಂತ. "ಓಲಿ ಬುಂಗಾ ಮಿಲಿಲೂ, ಓಲಿ ಬುಂಗಾ ಮಿಲಿಲೂ" ಅಂತ ಗುಣುಗುಣು. ಪಕ್ಕದವರು ಮಂತ್ರವಾದಿ ಇರಬೇಕೆಂದು ಸ್ವಲ್ಪ ಜಾಗ ಬಿಟ್ಟರು. ದಾರಿಯಲ್ಲಿ ಒಬ್ಬ ದಪ್ಪನೆಯ ಹೆಂಗಸು ಹತ್ತಿದಳು. ಬಗಲಲ್ಲಿ ಬ್ಯಾಗು, ಕೈಯಲ್ಲಿ ಸ್ಟೀಲ್ ಡಬ್ಬ. "ಸ್ವಲ್ಪ ಇದನ್ನ ಹಿಡ್ಕೊಳಪ್ಪ" ಅಂತ ಡಬ್ಬವನ್ನು ಈರನ ಕೈಗೆ ಕೊಟ್ಟು, ಜನರ ನಡುವೆ ನುಗ್ಗಿ ಮುಂದೆ ಸೀಟು ಹಿಡಿದಳು.

ದೊಡ್ಡವರು ಕೈಗೆ ಕೊಟ್ಟದ್ದು! ಈರ ಡಬ್ಬವನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಮುಚ್ಚಳ ತೆಗೆದ. ಒಳಗೆ ರವೆ ಉಂಡೆ, ದ್ರಾಕ್ಷಿ ಗೋಡಂಬಿ ಹಾಕಿ ಕಟ್ಟಿದ್ದು. ಒಂದನ್ನು ಕಚ್ಚಿ ಎರಡು ಮಾಡಿದ, ನುಂಗಿದ. ಇನ್ನೊಂದನ್ನು ಕಚ್ಚಿ ಎರಡು ಮಾಡಿದ, ನುಂಗಿದ. ಹೇಳಿದ ಕೆಲಸ ಅರ್ಧಕ್ಕೆ ಬಿಡುವವನಲ್ಲ ಅವನು.

ಅರಳೀಪುರ ಬಂತು. ಹೆಂಗಸು ಇಳಿದಳು, ಡಬ್ಬ ಇಸಕೊಂಡಳು. ಹಗುರವಾಗಿತ್ತು.

"ಅಯ್ಯಯ್ಯೋ! ಮಗಳ ಸೀಮಂತಕ್ಕೆ ಕಟ್ಟಿದ ಉಂಡೆ ಕಣೋ! ಒಂದಾದ್ರೂ ಬಿಟ್ಟಿದ್ಯೇನೋ ಬಕಾಸುರ!"

"ಇಡೀದು ನುಂಗ್ಲಿಲ್ಲ ಕಣಮ್ಮ," ಅಂದ ಈರ. "ಎಲ್ಲಾನೂ ಕಚ್ಚಿ ಎರಡು ಮಾಡಿದೀನಿ."

"ಎರಡು ಮಾಡಿದ್ಯಂತೆ! ಎರಡು ಮಾಡೋದು ಯಾಕೋ? ಒಂದರ್ಧ ನೀನು ತಿಂದು, ಇನ್ನೊಂದರ್ಧ ಎದುರಿಗೆ ಇರೋರಿಗೆ ಕೊಡೋಕೆ! ಅಷ್ಟೂ ಹೇಳ್ಕೊಟ್ಟಿಲ್ವೇನೋ ನಿಮ್ಮವ್ವ?"

"ಇಲ್ಲ ಕಣಮ್ಮ. ಈಗ ತಿಳೀತು. ಮುಂದಿನ ಸಲ ಹಂಗೇ ಮಾಡ್ತೀನಿ."

ನಿಂಗಾಜಮ್ಮ ಓಡಿ ಬಂದು, ತಾನು ಕಟ್ಟಿ ತಂದಿದ್ದ ಇಡ್ಲಿ ಗಂಟನ್ನು ಆಕೆಯ ಕೈಗಿಟ್ಟು, ಕಾಲು ಹಿಡಿಯುವುದೊಂದು ಬಾಕಿ, ಸಮಾಧಾನ ಮಾಡಿ ಕಳಿಸಿದಳು. ಆಮೇಲೆ ಮಗನ ರಟ್ಟೆ ಹಿಡಿದುಕೊಂಡು ನಡೆದಳು. ಬೈಯಲಿಲ್ಲ. ಬೈಯುವುದಕ್ಕೂ ಮೈಯಲ್ಲಿ ಒಂದಿಷ್ಟು ಆಸೆ ಉಳಿದಿರಬೇಕು.

"ಈರ, ನನ್ನಪ್ಪ. ಇವತ್ತೊಂದು ದಿನ. ಒಂದೇ ಒಂದು ದಿನ, ನೆಟ್ಟಗೆ ಇರ್ಲಾ."

"ನೆಟ್ಟಗೇ ಇದೀನಲ್ಲವ್ವ" ಅಂತ ಈರ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದ.

ವಾರಿಜಮ್ಮನ ಮನೆ ಸಿಕ್ಕಿತು. ಮೂರು ಸಲ ತೊಳೆದ ಹಾಗಿದ್ದ ಹೊಸ್ತಿಲು, ಗೆರೆ ತಪ್ಪದ ರಂಗೋಲಿ. ಬಾಗಿಲು ತೆಗೆದವರು ವಾರಿಜಮ್ಮನೇ. ಅಕ್ಕನ ಮೂಗು, ಅಕ್ಕನ ಹಣೆ. ಅಕ್ಕನಲ್ಲಿದ್ದ ನಗುವೊಂದು ಇಲ್ಲ. ಎದುರಿಗೆ ಬೆವರು ಸುರಿಸುತ್ತ ನಿಂತ ಅಪರಿಚಿತ ಹೆಂಗಸು, ಅವಳ ಹಿಂದೆ ಬಾಗಿಲಷ್ಟು ಎತ್ತರದ ಗಂಡಸು. ಆಕೆ ಒಂದು ಮಾತೂ ಕೇಳಲಿಲ್ಲ. ಬಿಸಿಲಲ್ಲಿ ಬಂದವರು ಯಾರೇ ಆಗಲಿ, ಏನು ಬಂದಿರಿ ಅಂತ ಕೇಳುವ ಮುಂಚೆ ಬಾಯಾರಿಕೆಗೆ ಕೊಡಬೇಕು. ಆ ಮನೆಯ ಪದ್ಧತಿ ಅದು. ಒಳಗೆ ಹೋಗಿ ಒಂದು ಚೊಂಬು ನೀರು, ಎರಡು ತುಂಡು ಬೆಲ್ಲ ತಂದರು. ಒಂದು ತುಂಡು ತಾಯಿಯ ಕೈಗೆ, ಒಂದು ತುಂಡು ಮಗನ ಕೈಗೆ.

ನಿಂಗಾಜಮ್ಮ ಮಗನ ಕೈಯಲ್ಲಿದ್ದ ಬೆಲ್ಲ ನೋಡಿದಳು. ಮಗನ ಮುಖ ನೋಡಿದಳು. ಆ ಮುಖದಲ್ಲಿ ಕಲಿತದ್ದೆಲ್ಲ ಒಂದೊಂದಾಗಿ ನೆನಪಾಗುತ್ತಿರುವುದು ಕಂಡಿತು. "ಬ್ಯಾಡ ಕಣ್ಲಾ," ಅಂದಳು ಮೆಲ್ಲಗೆ.

ಈರ ಬೆಲ್ಲವನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ವಾರಿಜಮ್ಮ ಹುಬ್ಬೇರಿಸಿದರು. ಈರ ಬೆಲ್ಲವನ್ನು ಕಟಕ್ಕನೆ ಕಚ್ಚಿ ಎರಡು ಮಾಡಿದ. ಅರ್ಧ ದವಡೆಯಲ್ಲಿ ಕೂತಿತು.

"ಏನು ಬಂದ್ರಿ?" ಅಂದರು ವಾರಿಜಮ್ಮ.

ತಡೆಯಬಾರದು. ಉಗಿಯಬಾರದು. ಎದುರಿಗಿರುವವರಿಗೆ ಅರ್ಧ. ಈರ ಬೆಲ್ಲದ ಎಂಜಲು ಸುರಿಯುವ ಉಳಿದರ್ಧವನ್ನು, ಎಂಜಲು ಮುಸುರೆ ಅಂದರೆ ಮಾರು ದೂರ ನಿಲ್ಲುವ ವಾರಿಜಮ್ಮನ ಮೂಗಿನ ಕೆಳಗೇ ಹಿಡಿದ. ಬಾಯ್ತುಂಬ ಬೆಲ್ಲ, ಗಲ್ಲದ ಮೇಲೆ ಜೊಲ್ಲು. ಹೇಳಿದ.

"ಓಯಿ ಬುಂಘಾ ಮಿಯಿಯೂ."

ನಿಂಗಾಜಮ್ಮ ಕಣ್ಣು ಮುಚ್ಚಿಕೊಂಡಳು. ಮುಗಿಯಿತು. ಇನ್ನು ಚೊಂಬು ಹಾರುತ್ತದೆ, ಇಲ್ಲ ಬಾಗಿಲು ಬಡಿಯುತ್ತದೆ. ಯಾವುದು ಮೊದಲು ಅಂತ ಕಾದಳು.

ಎರಡೂ ಕೇಳಿಸಲಿಲ್ಲ.

ಒಂದು ಕಣ್ಣು ತೆರೆದು ನೋಡಿದಳು. ವಾರಿಜಮ್ಮ ಅಲ್ಲಾಡದೆ ನಿಂತಿದ್ದರು. ಬೆಲ್ಲದ ಕಡೆ ನೋಡಿದರು, ಈರನ ಕಡೆ ನೋಡಿದರು. ಆಮೇಲೆ ಕೈ ಚಾಚಿ ಆ ಎಂಜಲು ಬೆಲ್ಲ ತೆಗೆದುಕೊಂಡರು. ಬಾಯಿಗೆ ಹಾಕಿಕೊಂಡರು.

"ಓಯಿ ಬುಂಘಾ ಮಿಯಿಯೂ" ಅಂದರು, ಬಾಯ್ತುಂಬ ಬೆಲ್ಲದಲ್ಲಿ.

ಅಂದವರೇ ಹೊಸ್ತಿಲ ಮೇಲೆ ಕುಸಿದು ಕೂತರು.

"ಅಕ್ಕ ಕಳಿಸಿದಳಾ?" ಕೇಳಿದರು ಬೆಲ್ಲ ನುಂಗಿ. ನಿಂಗಾಜಮ್ಮನಿಗೆ ಮಾತಾಡಬಾರದೆಂಬ ಕಟ್ಟಳೆ. ಕತ್ತು ಮಾತ್ರ ಆಡಿಸಿದಳು. "ಅವಳೇ ಹೇಳಿಕೊಟ್ಟಳಾ, ಬೆಲ್ಲ ಬಾಯಲ್ಲಿಟ್ಟು ಹೀಗೇ ಹೇಳು ಅಂತ?"

"ಇಲ್ಲ ಅಮ್ಮಾವ್ರೇ!" ನಿಂಗಾಜಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಅವ್ರು ಮಾತೊಂದೇ ಹೇಳ್ಕೊಟ್ಟಿದ್ದು. ಎಷ್ಟು ಹೇಳಿದ್ರೂ ಅದಲ್ಲ, ಅದಲ್ಲ, ಏನೋ ಮರೆತೀನಿ ಅಂತಿದ್ರು. ಇದು ಇವನ ಎಡವಟ್ಟು. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳಿ."

"ಹಾಕ್ಕೊಂಡೆನಲ್ಲ," ಅಂದರು ವಾರಿಜಮ್ಮ. ಮುಖದಲ್ಲಿ ಅಕ್ಕನ ನಗು ಬಂತು. "ಅಜ್ಜಿಯ ಮಂಚದ ಕೆಳಗೆ ಕೂತು ಕದ್ದ ಬೆಲ್ಲ ತಿಂತಿದ್ವಿ. ಬಾಯಿ ಖಾಲಿ ಇದ್ದಾಗ ಲುಂಬಿ ಮಾತಾಡಿದ್ದೇ ಇಲ್ಲ ನಾವು. ಎಷ್ಟೇ ಜಗಳವಾಗ್ಲಿ, ಅಕ್ಕ ಬೆಲ್ಲ ಕಚ್ಚಿ ಎರಡು ಮಾಡಿ, ಅರ್ಧ ಬಾಯಲ್ಲಿಟ್ಟುಕೊಂಡು, ಅರ್ಧ ನನಗೆ ಚಾಚಿ ಈ ಮಾತು ಹೇಳೋಳು. ನನಗರ್ಧ, ನಿನಗರ್ಧ. ಅಷ್ಟೇ ಅದರ ಅರ್ಥ. ಅವಳಿಗೆ ಮರೆತಿರಬೇಕು. ದಿನಾ ಕೊಡ್ತಿದ್ದವಳು ಅವಳು. ಕೊಟ್ಟವರಿಗೆ ಎಲ್ಲಿ ನೆನಪಿರುತ್ತೆ? ಇಸಕೊಂಡವಳು ನಾನು."

ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಬ್ಯಾಗಿತ್ತು, ಬೆಲ್ಲದ ಪೊಟ್ಟಣವಿತ್ತು. "ಸಂತೆಕೊಪ್ಪಕ್ಕೆ ಈಗ ಬಸ್ಸಿದೆಯೇನಮ್ಮ?"

ಹೊತ್ತು ಮುಳುಗುವ ಮುಂಚೆ ಮೂವರೂ ಟೀಚರ ಬಾಗಿಲಲ್ಲಿದ್ದರು. ಸರಸಿಜಮ್ಮ ಬಾಗಿಲು ತೆಗೆದರು. ಎದುರಿಗೆ ತಂಗಿ. ಕೋಲು ಕೈಯಿಂದ ಜಾರಿ ಬಿತ್ತು. ವಾರಿಜಮ್ಮ ಬೆಲ್ಲ ಕಚ್ಚಿದರು, ಅರ್ಧ ಚಾಚಿದರು, ಹೇಳಿದರು. ಸರಸಿಜಮ್ಮ ಅರ್ಧ ಬಾಯಿಗಿಟ್ಟುಕೊಂಡರು. ಚೀಪಿದರು. ಕಣ್ಣು ಅಗಲವಾಯಿತು.

"ಇದು! ಇದೇ ಕಣೇ ಉಚ್ಚಾರಣೆ!" ಅಂತ ಟೀಚರು ಕೂಗಿದರು. ಮೊದಲು ಉಚ್ಚಾರಣೆ ಸರಿಯಾಯಿತೋ ಇಲ್ಲವೋ ನೋಡಿಕೊಂಡು, ಆಮೇಲೆ ತಂಗಿಯ ಹೆಗಲ ಮೇಲೆ ತಲೆಯಿಟ್ಟು ಅತ್ತರು. ವಾರಿಜಮ್ಮ ಅವರನ್ನು ಹಿಡಿದುಕೊಂಡೇ, "ಬಸ್ಸು ನಿಜವಾಗ್ಲೂ ಕೆಟ್ಟಿತ್ತು ಕಣೇ ಅಕ್ಕ" ಅಂದರು. "ಗೊತ್ತು ಕಣೇ," ಅಂದರು ಸರಸಿಜಮ್ಮ, "ಅವತ್ತೇ ಗೊತ್ತಿತ್ತು."

ಆಮೇಲೆ ಇಬ್ಬರೂ ಬಾಗಿಲಿಗೆ ಬಂದು, "ಹೊರಗೆ ಯಾಕೆ ನಿಂತ್ಕೊಂಡ್ರಿ? ಬಾರೋ ಈರ, ಬನ್ನಿ ನಿಂಗಾಜಮ್ಮ" ಅಂತ ಕರೆದರು. ಈರನಿಗೆ ಒಂದು ಮಣೆ ಇದ್ದ ಕಡೆ ಈಗ ಎರಡು ಮಣೆ. ಯಾವುದರ ಮೇಲೆ ಕೂರಬೇಕೆಂದು ತಿಳಿಯದೆ ಎರಡನ್ನೂ ಸೇರಿಸಿ ಕೂತ.

ಮನೆಗೆ ನಡೆಯುವಾಗ ನಿಂಗಾಜಮ್ಮನ ಕಾಲು ನೆಲದ ಮೇಲಿರಲಿಲ್ಲ. ಮಗನ ಬೆನ್ನು ಸವರಿದಳು. ಹುಟ್ಟಿದಾಗಿನಿಂದ ಬೈದ ಬಾಯಲ್ಲಿ ಮೊದಲ ಸಲ ಹೊಗಳಿಕೆ ಬಂತು.

"ಇವತ್ತು ಮಾಡಿದ್ಯಲ್ಲ, ಅದು ಬುದ್ಧಿ! ನನ್ನ ಮಗ ಕಣೋ ನೀನು! ಇನ್ಮೇಲೆ ಯಾರೇ ಎದುರಿಗೆ ಬರ್ಲಿ, ಇವತ್ತು ಮಾಡ್ದಂಗೇ ಮಾಡು! ತಿಳೀತಾ?"

"ತಿಳೀತು ಕಣವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಆಹಾ, ನಿಂಗಾಜಮ್ಮ! ಬೈದು ಹೇಳಿದ ಮಾತೇ ಅಷ್ಟು ಮಾಡಿದರೆ, ಹೊಗಳಿ ಹೇಳಿದ ಮಾತು ಬಿಟ್ಟೀತೆ?

ಬೆಳಗಾಯಿತು. ಬೇವಿನ ಮರದ ಕೆಳಗೆ ಹಬೆ ಎದ್ದಿತು. ಒಂದು ದಿನ ಅಂಗಡಿ ಮುಚ್ಚಿದ್ದಕ್ಕೆ ಗಿರಾಕಿಗಳು ಇಮ್ಮಡಿ. ನಿಂಗಾಜಮ್ಮ ಬೆನ್ನು ತಿರುಗಿಸಿ ಚಟ್ನಿ ರುಬ್ಬುತ್ತಿದ್ದಳು, ಬಡಿಸುವುದು ಈರನ ಪಾಲಿಗಿತ್ತು. ಮೊದಲು ಕಂಡಕ್ಟರ್ ಪುಟ್ಟಮಾದು, ಹೊಸದಾಗಿ ಇಸ್ತ್ರಿ ಮಾಡಿದ ಅಂಗಿಯಲ್ಲಿ. "ಈರಣ್ಣ, ಎರಡು ಇಡ್ಲಿ. ತಟ್ಟೇಲಿ!"

ಈರ ಇಡ್ಲಿ ತೆಗೆದ. ಎರಡೂ ಕಣ್ಣಿಗೆ ಒತ್ತಿಕೊಂಡ. ಕಚ್ಚಿ ಎರಡು ಮಾಡಿದ. ಅರ್ಧ ದವಡೆಯಲ್ಲಿ, ಅರ್ಧ ಪುಟ್ಟಮಾದುವಿನ ತಟ್ಟೆಯಲ್ಲಿ.

"ಓಯಿ ಬುಂಘಾ ಮಿಯಿಯೂ!"

ಆಮೇಲೆ ಡ್ರೈವರಿಗೆ ಒಂದರ್ಧ. ಬ್ಯಾಂಕಿನವರಿಗೆ ಒಂದರ್ಧ. ಪಂಚೆ ಒಣಗಿಸಿಕೊಂಡು ಕೋಪ ಮರೆತು, ಮನೆಯವರಿಗೆ ಇಡ್ಲಿ ಕಟ್ಟಿಸಿಕೊಂಡು ಹೋಗಲು ಬಂದಿದ್ದ ಅರ್ಚಕರ ಪಾತ್ರೆಗೆ, ಕಣ್ಣಿಗೊತ್ತಿಕೊಂಡು, ಭಕ್ತಿಯಿಂದ, ಒಂದರ್ಧ. "ಓಯಿ ಬುಂಘಾ! ಓಯಿ ಬುಂಘಾ! ಓಯಿ ಬುಂಘಾ!"

"ಥೂ ಥೂ ಥೂ!" ಅಂತ ಬಸ್‌ಸ್ಟ್ಯಾಂಡೇ ಎದ್ದಿತು. ಚಪ್ಪಲಿ ಸಿಕ್ಕವರು ಚಪ್ಪಲಿಯಲ್ಲಿ, ಸಿಗದವರು ಬರಿಗಾಲಲ್ಲಿ ಓಡಿದರು. ನಿಂಗಾಜಮ್ಮ ತಿರುಗಿ ನೋಡುವಷ್ಟರಲ್ಲಿ ಮರದ ಕೆಳಗೆ ಒಂದು ನರಪಿಳ್ಳೆ ಇಲ್ಲ. ಇದ್ದದ್ದು ಸಾಲಾಗಿ ತಟ್ಟೆಗಳು. ತಟ್ಟೆ ತಟ್ಟೆಯಲ್ಲೂ ಹಲ್ಲಿನ ಗುರುತಿರುವ ಅರ್ಧ ಇಡ್ಲಿ. ಮೇಲೆ ಕೊಂಬೆಯಲ್ಲಿ ಒಂದು ಅಳಿಲು.

ಸೌಟು ಎತ್ತಿದಳು. ಬಾಯಿ ತೆರೆದಳು.

ಎದುರಿಗೆ ಈರ. ಕೆನ್ನೆ ಉಬ್ಬಿದೆ, ಕಣ್ಣು ಹೊಳೆಯುತ್ತಿದೆ. ಕೈಯಲ್ಲಿ ಕೊನೆಯ ಅರ್ಧ ಇಡ್ಲಿ, ತಾಯಿಯ ಕಡೆಗೆ ಚಾಚಿದೆ. ಬೇರೆಯವರಿಗೆ ಕೊಟ್ಟದ್ದಕ್ಕಿಂತ ಸ್ವಲ್ಪ ದೊಡ್ಡದು.

ನಿಂಗಾಜಮ್ಮ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಯಾರೂ ಇರಲಿಲ್ಲ. ಸೌಟು ಕೆಳಗಿಟ್ಟಳು. ಇಡ್ಲಿ ಇಸಕೊಂಡು ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡ ಮೇಲೆ ಬೈಯಬೇಕೆಂದು ನೆನಪಾಯಿತು. ಬೈದಳು, ಮನಸಾರೆ ಬೈದಳು. ಕಲ್ಲುಗುಂಡೇ ಅಂದಳು, ಮಂಕುಮುಂಡೇದೇ ಅಂದಳು. ಬಾಯ್ತುಂಬ ಇಡ್ಲಿಯಿತ್ತು. ಒಂದು ಮಾತೂ ಕನ್ನಡದ ಹಾಗೆ ಕೇಳಿಸಲಿಲ್ಲ.

"ಅವ್ವೋ!" ಅಂತ ಈರ ಚಪ್ಪಾಳೆ ತಟ್ಟಿದ. "ನಿಂಗೂ ಲುಂಬಿ ಬಂತಲ್ಲೇ!"

ಕತೆ ಇಷ್ಟು. ಅರ್ಧ ನಾನು ತಿಂದೆ, ಇದು ನಿಮ್ಮರ್ಧ.